ನೀಲಗಿರಿಯ ತವರಲ್ಲಿ ಮೂರು ರಾತ್ರಿ

ಶುಕ್ರವಾರ

ಮಧ್ಯಾಹ್ನ ಹನ್ನೆರಡಕ್ಕೆ ಮನೆ ಬಿಡಲೇಬೇಕು ಅಂತ ಹಿಂದಿನ ದಿನವೇ ಎಲ್ಲರಿಗೂ ಹೇಳಿದ್ದೆ. ಜೂನ್ ಅಂದರೆ ಇಲ್ಲಿ ಆಸ್ಟ್ರೇಲಿಯಾದಲ್ಲಿ ಚಳಿಗಾಲ, ಐದೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಮುಸ್ಸಂಜೆ ಹೊತ್ತಿಗೆ ಹಳ್ಳಿ ರಸ್ತೆಗಳಿಗೆ ಕಾಂಗರೂಗಳು ಇಳಿಯುತ್ತವೆ. ಹಿಂದೆ ಎರಡು ಟನ್ ತೂಕದ ಕ್ಯಾರವಾನ್, ಅಂದರೆ ಕಾರು ಎಳೆಯುವ ಚಕ್ರದ ಮನೆ, ಕಟ್ಟಿಕೊಂಡಿರುವಾಗ ಕಾಂಗರೂ ಅಡ್ಡ ಬಂದರೆ ತಟ್ಟನೆ ನಿಲ್ಲಿಸೋಕಾಗಲ್ಲ. ಹಾಗಾಗಿ ಬೆಳಕಿರುವಾಗಲೇ ಜಾಗ ಸೇರಬೇಕು ಅನ್ನೋದು ನಮ್ಮ ಮನೆಯ ನಿಯಮ.

ಜೂನ್ ತಿಂಗಳ ಎರಡನೇ ಸೋಮವಾರ ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ರಾಜನ ಹುಟ್ಟುಹಬ್ಬದ ರಜೆ. ಮೂರು ರಾತ್ರಿ ಸಿಗುತ್ತೆ. ಮೆಲ್ಬರ್ನ್‌ನ ಎಷ್ಟೋ ಜನ ಹಿಮ ಹುಡುಕಿಕೊಂಡು ಬೆಟ್ಟಗಳ ಕಡೆ ಹೋಗುತ್ತಾರೆ. ನಾವು ಉತ್ತರಕ್ಕೆ, ಮರ್ರೆ ನದಿಯ ದಂಡೆಯ ಬಾರ್ಮಾ ಕಾಡಿಗೆ ಹೊರಟೆವು. ನಾನು, ಹೆಂಡತಿ, ಹನ್ನೊಂದು ವರ್ಷದ ಮಗಳು, ಏಳು ವರ್ಷದ ಮಗ. ಈ ಸಲ ಜೊತೆಗೆ ಅಮ್ಮ. ಮುಳಬಾಗಿಲು ತಾಲ್ಲೂಕಿನ ನಮ್ಮ ಹಳ್ಳಿಯಿಂದ ಅವಳು ಬಂದು ಆಗಷ್ಟೇ ಒಂದು ತಿಂಗಳಾಗಿತ್ತು.

ಕ್ಯಾರವಾನ್ ಕಟ್ಟುವುದನ್ನು ಅಮ್ಮ ಬಾಗಿಲಲ್ಲಿ ನಿಂತು ಪೂರ್ತಿ ನೋಡಿದಳು. ಕಾರಿನ ಹಿಂದಿನ ಕಬ್ಬಿಣದ ಗುಂಡಿನ ಮೇಲೆ ಕ್ಯಾರವಾನ್ ಮೂತಿ ಕೂರಿಸಿದ್ದು, ಎರಡು ಸರಪಳಿ ಅಡ್ಡಡ್ಡ ಹಾಕಿದ್ದು, ಲೈಟು, ಬ್ರೇಕು ಪರೀಕ್ಷೆ ಮಾಡಿದ್ದು. ನೀರಿನ ಕ್ಯಾನು, ಟಿನ್ನುಗಳು, ರಾಗಿಹಿಟ್ಟಿನ ಚೀಲ ಎಲ್ಲವನ್ನೂ ಚಕ್ರದ ಅಚ್ಚಿನ ಮೇಲೆ ಬರುವ ಹಾಗೆ ಜೋಡಿಸುತ್ತಿದ್ದೆ. ಒಟ್ಟು ತೂಕದ ಹತ್ತನೇ ಒಂದು ಭಾಗ ಕಾರಿನ ಆ ಗುಂಡಿನ ಮೇಲೆ ಕೂರಬೇಕು. ಹಿಂದೆ ಭಾರ ಜಾಸ್ತಿಯಾದರೆ ದಾರಿಯಲ್ಲಿ ಬಾಲ ಅಲ್ಲಾಡೋಕೆ ಶುರುವಾಗುತ್ತೆ. ಹಾಗೆ ಉರುಳಿಬಿದ್ದ ಗಾಡಿಗಳೂ ಇವೆ. ಇದನ್ನೆಲ್ಲ ಅಮ್ಮನಿಗೆ ಹೇಗೆ ಹೇಳೋದು ಅಂತ ಯೋಚಿಸುವಷ್ಟರಲ್ಲಿ ಅವಳೇ ಹೇಳಿದಳು: "ಗೊತ್ತು ಕಣೋ. ಹಿಂದೆ ಜಾಸ್ತಿ ಹೇರಿದರೆ ನೊಗ ಮೇಲೇಳುತ್ತೆ. ಮುಂದೆ ಜಾಸ್ತಿ ಆದರೆ ಎತ್ತಿನ ಹೆಗಲು ಹೋಗುತ್ತೆ. ಇದು ನಮ್ಮ ಕಮಾನು ಗಾಡಿನೇ."

ದಾರಿಯುದ್ದಕ್ಕೂ ಮಕ್ಕಳು ಅಜ್ಜಿಯ ಬಾಯಿಂದ ಆವಣಿ ಜಾತ್ರೆಯ ಕತೆ ಕೇಳಿದರು. ತಾತ ಎತ್ತು ಮಾರೋಕೆ ಹೋಗುವಾಗ ಇಡೀ ಮನೆಯೇ ಗಾಡಿಯಲ್ಲಿ ಹೋಗುತ್ತಿತ್ತಂತೆ. ಗಾಡಿ ಕೆಳಗೆ ಹುಲ್ಲು ಹಾಸಿ ಮಲಗೋದು, ಮೂರು ಕಲ್ಲಿಟ್ಟು ಒಲೆ ಹೂಡೋದು, ಬೆಳಗಿನ ಜಾವ ದನಗಳ ಕೊರಳ ಗಂಟೆಗೆ ಏಳೋದು. ಮಗನಿಗೆ ಒಂದೇ ಸಂಶಯ. "ಅಜ್ಜಿ, ಗಾಡೀಲಿ ಫ್ರಿಜ್ ಇತ್ತಾ?"

ಹೀತ್‌ಕೋಟ್‌ನಲ್ಲಿ ನಿಲ್ಲಿಸಿ ಮೊಸರನ್ನ ತಿಂದೆವು. ಅಲ್ಲಿನ ಕೆಂಪು ಮಣ್ಣಿಗೆ ದ್ರಾಕ್ಷಿ ಬೆಳೆಗಾರರಲ್ಲಿ ದೊಡ್ಡ ಹೆಸರು. ಅಮ್ಮ ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ಬೆರಳಲ್ಲಿ ಉಜ್ಜಿದಳು, ಏನೂ ಹೇಳಲಿಲ್ಲ. ಆಮೇಲೆ ನೆಲ ಚಪ್ಪಟೆಯಾಯಿತು. ರೋಚೆಸ್ಟರ್‌ನ ಪೆಟ್ರೋಲ್ ಬಂಕ್‌ನಲ್ಲಿ ಎರಡು ಚೀಲ ಸೌದೆ ಕೊಂಡೆವು. ಎಚುಕಾ ಊರು ಬಂತು. ನದಿ ದಾಟಿದರೆ ನ್ಯೂ ಸೌತ್ ವೇಲ್ಸ್. 2022ರಲ್ಲಿ ತೆರೆದ ಸೇತುವೆಗೆ ಧುಂಗಾಲಾ ಅಂತ ಹೆಸರಿಟ್ಟಿದ್ದಾರೆ. ಈ ನಾಡಿನ ಮೂಲ ನಿವಾಸಿಗಳಾದ ಯೊರ್ಟಾ ಯೊರ್ಟಾ ಜನ ಮರ್ರೆ ನದಿಯನ್ನು ಕರೆಯುವ ಹೆಸರು ಅದು. ಅಲ್ಲಿಂದ ಅರ್ಧ ಗಂಟೆ ದಾರಿ. ಬಾರ್ಮಾ ಹಳ್ಳಿಯ ಹತ್ತಿರ ಮತ್ತೆ ಅದೇ ನದಿ ದಾಟಿ ವಿಕ್ಟೋರಿಯಾಕ್ಕೆ ಬಂದೆವು.

ನಾಲ್ಕೂವರೆಗೆ ಕಾಡು ಸೇರಿದೆವು. ಆಸ್ಟ್ರೇಲಿಯಾದವರು ಇದನ್ನು ಬುಷ್ ಅನ್ನುತ್ತಾರೆ. ನಮ್ಮ ಮಲೆನಾಡಿನ ಹಾಗೆ ಒತ್ತೊತ್ತಾಗಿ ಇರಲ್ಲ. ಮರದಿಂದ ಮರಕ್ಕೆ ದೂರ, ಕೆಳಗೆ ಹುಲ್ಲು, ನಡುವೆ ಬೆಳಕು. ದೊಡ್ಡ ಮರವೊಂದರ ಬುಡದಲ್ಲಿ ಸಮತಟ್ಟಾದ ಜಾಗ ಕಂಡಿತು.

"ಇಲ್ಲೇ ನಿಲ್ಲಿಸೋ, ಮರದ ಕೆಳಗೆ," ಅಂದಳು ಅಮ್ಮ. ಗಾಡಿಯಲ್ಲಿ ಹೋದವರು ಯಾರೇ ಆದರೂ ಹಾಗೇ ಹೇಳುತ್ತಾರೆ.

"ಬೇಡಮ್ಮಾ. ಈ ಮರದ ಕೊಂಬೆ ಗಾಳಿ ಇಲ್ಲದ ದಿನವೂ ಸುಮ್ನೆ ಮುರಿದು ಬೀಳುತ್ತೆ. ಕೆಳಗೆ ಮಲಗಬಾರದು."

"ಕೊಂಬೆ ಬೀಳಿಸೋ ಮರ! ಯಾವುದಿದು?"

"ನೀಲಗಿರಿ."

ಅಮ್ಮ ಕಾರಿನಿಂದ ಇಳಿದು ತಲೆ ಎತ್ತಿ ನೋಡಿದಳು. "ಸುಳ್ಳು ಹೇಳಬೇಡ."

ಎಲೆ ಕಿವುಚಿ ಮೂಸಿ ನೋಡಿದ ಮೇಲೇ ನಂಬಿದ್ದು.

ಅವಳು ನಂಬದೇ ಇದ್ದದ್ದಕ್ಕೆ ಕಾರಣ ಇದೆ. ನಮ್ಮ ಕಡೆ ನೀಲಗಿರಿ ಅಂದರೆ ಕೋಲು ಕೋಲು ಮರ. ಏಳೆಂಟು ವರ್ಷಕ್ಕೆ ಕಡಿದು ಲಾರಿಗೆ ತುಂಬುವ ತೋಪು. 80ರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ಸರ್ಕಾರವೇ ಸಸಿ ಕೊಟ್ಟಿತು. ಕೂಲಿಗೆ ಆಳು ಸಿಗದ ರೈತರು ರಾಗಿ ಹೊಲಕ್ಕೂ ನೆಟ್ಟರು. ಇನ್ನೊಂದು ಕಡೆ ರೈತ ಸಂಘದವರು ಅದನ್ನೇ ಕಿತ್ತು ಹಾಕಿದರು. ನಮ್ಮ ಹೊಲದ ಪಕ್ಕದ ತೋಪು ಬೆಳೆದ ಮೇಲೆ ನಮ್ಮ ಬಾವಿ ಬತ್ತಿತು. ಬೋರ್‌ವೆಲ್‌ಗಳೂ ಬಂದಿದ್ದವು, ಮಳೆಯೂ ಕೈಕೊಟ್ಟಿತ್ತು, ತಪ್ಪು ಮರದ್ದೊಂದೇ ಅಲ್ಲ. ಆದರೆ ಅಮ್ಮನ ಲೆಕ್ಕದಲ್ಲಿ ಬಾವಿ ಕುಡಿದದ್ದು ನೀಲಗಿರಿ. 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡಬಾರದು ಅಂತ ಆದೇಶ ಮಾಡಿದಾಗ ಅವಳು ನನಗೆ ಫೋನ್ ಮಾಡಿ ಹೇಳಿದ್ದಳು.

ಬಯಲಿಗೆ ಬಂದು ಕ್ಯಾರವಾನ್ ನಿಲ್ಲಿಸಿದೆವು. ಚಕ್ರದ ಕೆಳಗೆ ಹಲಗೆ ಕೊಟ್ಟು ಮಟ್ಟ ಮಾಡಿ, ನಾಲ್ಕು ಮೂಲೆಯ ಕಾಲು ಇಳಿಸಿ, ಗ್ಯಾಸ್ ತೆರೆದೆ. ಅಮ್ಮನಿಗೆ ದೊಡ್ಡ ಹಾಸಿಗೆ, ಮಕ್ಕಳಿಗೆ ಬಂಕ್, ನಮಗಿಬ್ಬರಿಗೆ ಊಟದ ಮೇಜು ತಗ್ಗಿಸಿದರೆ ಆಗುವ ಹಾಸಿಗೆ. ರಾತ್ರಿ ಎಲ್ಲೋ ದೂರದಲ್ಲಿ ಬಂದೂಕು ಹಾರಿಸಿದ ಹಾಗೆ ಸದ್ದಾಯಿತು. ಕೊಂಬೆ. ಅಮ್ಮ ಕತ್ತಲಲ್ಲೇ ಕೇಳಿದಳು, "ಅದೇನಾ?" ಹೂಂ ಅಂದೆ.

ಶನಿವಾರ

ಬೆಳಿಗ್ಗೆ ಹುಲ್ಲೆಲ್ಲ ಬೆಳ್ಳಗೆ. ಇಬ್ಬನಿ ಹೆಪ್ಪುಗಟ್ಟಿತ್ತು. ಕೂಕಾಬುರ್ರಾ ಹಕ್ಕಿಗಳು ಗಹಗಹಿಸಿ ಕೂಗಿ ಎಬ್ಬಿಸಿದವು. ಡೀಸೆಲ್ ಹೀಟರ್ ರಾತ್ರಿಯೆಲ್ಲ ಓಡಿ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಬಂದಿತ್ತು. ಸೋಲಾರ್ ಹಲಗೆಯನ್ನು ಬಿಸಿಲು ಬರುವ ಕಡೆ ತಿರುಗಿಸಿ ಇಟ್ಟೆ. ಇಲ್ಲಿ ಸೂರ್ಯ ಉತ್ತರದಲ್ಲಿ ಓಡಾಡುತ್ತಾನೆ. ಅಮ್ಮನಿಗೆ ಇದು ಇನ್ನೂ ಒಗ್ಗಿಲ್ಲ. ಸೂರ್ಯನಿಗೆ ಕೈಮುಗಿಯುವ ಮೊದಲು ದಿಕ್ಕು ಕೇಳುತ್ತಾಳೆ.

ಮಂಜು ಕರಗಿದ ಮೇಲೆ ಎಲ್ಲರೂ ನಡೆದು ಹೊರಟೆವು. ಈ ಮರಕ್ಕೆ ಇಲ್ಲಿನವರು ರಿವರ್ ರೆಡ್ ಗಮ್ ಅನ್ನುತ್ತಾರೆ. ನದಿಯ ನೀಲಗಿರಿ ಅನ್ನಬಹುದು. ಮರ ಕೊಯ್ದರೆ ಒಳಗೆ ರಕ್ತದ ಕೆಂಪು. ನದಿಯ ಆಚೆ ದಡದ ಮಿಲ್ಲೆವಾ ಕಾಡೂ ಸೇರಿದರೆ ಜಗತ್ತಿನಲ್ಲೇ ಈ ಮರದ ಅತಿ ದೊಡ್ಡ ಕಾಡು ಇದು. ಅದರ ಶಾಸ್ತ್ರೀಯ ಹೆಸರು ಯೂಕಲಿಪ್ಟಸ್ ಕ್ಯಾಮಲ್ಡುಲೆನ್ಸಿಸ್. 1832ರಲ್ಲಿ ಆ ಹೆಸರಿಟ್ಟವರು ನೋಡಿದ್ದು ಇಟಲಿಯ ನೇಪಲ್ಸ್ ಹತ್ತಿರ ಕಮಾಲ್ಡೋಲಿ ಎಂಬಲ್ಲಿನ ತೋಟದಲ್ಲಿ ಬೆಳೆಸಿದ್ದ ಮರವನ್ನು. ಹುಟ್ಟಿದ ಊರು ಬಿಟ್ಟು ದೂರದ ತೋಟದ ಹೆಸರು ಹೊತ್ತುಕೊಂಡ ಮರ. ಭಾರತಕ್ಕೂ ಈ ಜಾತಿ ಬಂದಿದೆ, ನಮ್ಮ ತೋಪುಗಳಲ್ಲಿ ಜಾಸ್ತಿ ಇರುವುದು ಇದರ ಹತ್ತಿರದ ನೆಂಟ.

ಒಂದು ಹಳೇ ಮರದ ಸುತ್ತ ಐದೂ ಜನ ಕೈ ಕೈ ಹಿಡಿದು ನಿಂತೆವು. ಇನ್ನೂ ಒಂದು ಮಾರು ಬಾಕಿ ಉಳಿಯಿತು. ಇಂಥ ಮರಗಳು ಐನೂರು ವರ್ಷಕ್ಕಿಂತಲೂ ಜಾಸ್ತಿ ಬದುಕಬಲ್ಲವು. ಕಾಂಡದಲ್ಲಿ ಪೊಟರೆ ಆಗೋಕೇ ನೂರು ವರ್ಷ ಬೇಕು. ಕೊಂಬೆ ಮುರಿದು ಬಿದ್ದ ಜಾಗವೇ ನಿಧಾನಕ್ಕೆ ಪೊಟರೆಯಾಗುತ್ತೆ. ಬಿಳಿ ಕಾಕಟೂ, ಗೂಬೆ, ವಸಂತದಲ್ಲಿ ಬರುವ ಹಸಿರು ಸೂಪರ್ಬ್ ಗಿಳಿಗಳು ಎಲ್ಲಕ್ಕೂ ಅದೇ ಮನೆ. ನಮ್ಮ ಏಳೆಂಟು ವರ್ಷದ ತೋಪಿನಲ್ಲಿ ಹಕ್ಕಿಯೇ ಕೂರಲ್ಲ ಅಂತ ಅಮ್ಮ ಯಾವಾಗಲೂ ಹೇಳುತ್ತಿದ್ದಳು. ಸರಿಯಾಗೇ ಹೇಳುತ್ತಿದ್ದಳು. ಪೊಟರೆ ಆಗುವಷ್ಟು ವಯಸ್ಸು ಅಲ್ಲಿ ಯಾವ ಮರಕ್ಕೂ ಸಿಗಲಿಲ್ಲ.

ಕಾಂಡಗಳ ಮೇಲೆ, ನನ್ನ ಸೊಂಟದ ಎತ್ತರದಲ್ಲಿ, ಒಂದೇ ಮಟ್ಟಕ್ಕೆ ಕಪ್ಪು ಗೆರೆ ಕಾಣುತ್ತಿತ್ತು. ಮಗಳು ಅದೇನು ಅಂತ ಕೇಳಿದಳು. ಪ್ರವಾಹದ ನೀರು ನಿಂತ ಗುರುತು. ಬೇರೆ ಮರಕ್ಕೆ ತಿಂಗಳುಗಟ್ಟಲೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತೆ. ಈ ಮರಕ್ಕೆ ಅದೇ ಬೇಕು. ಕೆಲವು ವರ್ಷಕ್ಕೊಮ್ಮೆ ನದಿ ಉಕ್ಕಿ ಕಾಡಿಗೆ ನುಗ್ಗಬೇಕು. ನೀರು ಇಳಿದ ಹಸಿ ಮಣ್ಣಿನಲ್ಲಿ ಬೀಜ ಮೊಳೆಯಬೇಕು. ಮಧ್ಯದ ಬರಗಾಲವನ್ನು ಆಳದ ಬೇರು ಎಳೆದ ನೀರಲ್ಲಿ ಕಳೆಯಬೇಕು.

ಅಮ್ಮ ಆ ಗೆರೆಯ ಮೇಲೆ ಕೈಯಿಟ್ಟು ನಿಂತಿದ್ದಳು. "ಇಷ್ಟು ನೀರು ಕುಡಿದು ಬೆಳೆದದ್ದನ್ನ ತಂದು ನಮ್ಮ ಒಣ ಹೊಲದಲ್ಲಿ ನೆಟ್ಟರಲ್ಲ," ಅಂದಳು. "ಅದಾದರೂ ಏನು ಮಾಡುತ್ತೆ, ಪಾಪ."

ಆ 'ಪಾಪ' ಕೇಳಿ ನನಗೆ ಗಂಟಲು ಕಟ್ಟಿತು. ಬಾವಿ ಬತ್ತಿದ ಬೇಸಿಗೆಯಲ್ಲಿ ಅವಳು ಎರಡು ಮೈಲಿ ದೂರದಿಂದ ಬಿಂದಿಗೆ ಹೊತ್ತದ್ದನ್ನು ನೋಡಿದವನು ನಾನು.

ಇನ್ನೂ ಒಂದು ಮರ ತೋರಿಸಬೇಕಿತ್ತು. ಅದರ ತೊಗಟೆಯಲ್ಲಿ ಆಳೆತ್ತರಕ್ಕೂ ಉದ್ದವಾದ, ದೋಣಿಯ ಆಕಾರದ ಹಳೇ ಗಾಯ. ಯೊರ್ಟಾ ಯೊರ್ಟಾ ಜನ ತೊಗಟೆಯನ್ನು ಇಡಿಯಾಗಿ ಎಬ್ಬಿಸಿ ದೋಣಿ ಮಾಡುತ್ತಿದ್ದರು. ಮರ ಸಾಯುತ್ತಿರಲಿಲ್ಲ, ಗಾಯದ ಅಂಚು ಮಡಿಚಿಕೊಂಡು ಬೆಳೆಯುತ್ತಿತ್ತು.

ಕಾಡಿನ ಈ ಬದಿ ನಿಂತರೆ ನದಿಯ ಆಚೆ ಕಮ್ಮರಗಂಜ ಎಂಬ ಊರಿದೆ. ಮೂಲ ನಿವಾಸಿಗಳನ್ನು ಇರಿಸಿದ್ದ ಸರ್ಕಾರಿ ನೆಲೆ ಅದು. 1939ರ ಫೆಬ್ರವರಿಯಲ್ಲಿ ಅಲ್ಲಿನ ಕಷ್ಟ ತಾಳಲಾರದೆ ಸುಮಾರು ಇನ್ನೂರು ಜನ ಮನೆ ಬಿಟ್ಟು, ನದಿ ದಾಟಿ, ಈ ದಡಕ್ಕೆ ಬಂದು ಬೀಡು ಬಿಟ್ಟರು. ಆ ಊರಲ್ಲಿ 1906ರಲ್ಲಿ ಹುಟ್ಟಿದ ಡಗ್ ನಿಕೋಲ್ಸ್ 1976ರಲ್ಲಿ ಸೌತ್ ಆಸ್ಟ್ರೇಲಿಯಾದ ಗವರ್ನರ್ ಆದರು. ಮಗನಿಗೆ ಅವರ ಹೆಸರು ಗೊತ್ತಿತ್ತು. ಇಲ್ಲಿನ ಫುಟ್‌ಬಾಲ್ ಲೀಗ್ ಪ್ರತಿ ವರ್ಷ ಅವರ ಹೆಸರಲ್ಲಿ ಪಂದ್ಯಗಳನ್ನು ಆಡಿಸುತ್ತೆ. ಅವನಿಗೂ ಅವನ ಅಕ್ಕನಿಗೂ ಗೊತ್ತಿಲ್ಲದ್ದು ಒಂದಿತ್ತು. ಆ ಊರಿನ ಶಾಲೆಯಲ್ಲಿ ದಶಕಗಳ ಕಾಲ ಪಾಠ ಹೇಳಿದ ಮೇಷ್ಟ್ರು ಥಾಮಸ್ ಶಾಡ್ರಾಕ್ ಜೇಮ್ಸ್ ಮಾರಿಷಸ್‌ನಲ್ಲಿ ಹುಟ್ಟಿದ, ಭಾರತೀಯ ಮೂಲದವರು. ಯೊರ್ಟಾ ಯೊರ್ಟಾ ಹೆಣ್ಣನ್ನೇ ಮದುವೆಯಾಗಿ ಇಲ್ಲಿಯವರೇ ಆದರು. ಅವರ ಕೈಯಲ್ಲಿ ಓದು ಕಲಿತವರೇ ಮುಂದೆ ತಮ್ಮ ಜನರ ಹಕ್ಕುಗಳಿಗಾಗಿ ಅರ್ಜಿ ಬರೆದರು. ನನ್ನ ಮಕ್ಕಳು ಈ ನದಿ ದಂಡೆಗೆ ಬಂದಾಗ ಈ ಹೆಸರು ತಿಳಿದಿರಬೇಕು ಅಂತ ನನಗೆ ತುಂಬಾ ಅನ್ನಿಸುತ್ತೆ.

ಈ ನೆಲ ನಮ್ಮದು ಅಂತ ಯೊರ್ಟಾ ಯೊರ್ಟಾ ಜನ 1994ರಲ್ಲಿ ದಾವೆ ಹೂಡಿದರು. ಇತಿಹಾಸದ ಪ್ರವಾಹ ಅವರ ಹಕ್ಕನ್ನು ಕೊಚ್ಚಿಕೊಂಡು ಹೋಗಿದೆ ಅನ್ನುವ ಅರ್ಥದ ತೀರ್ಪು 1998ರಲ್ಲಿ ಬಂತು. 2002ರಲ್ಲಿ ಹೈಕೋರ್ಟ್‌ನಲ್ಲೂ ಸೋತರು. ಇಲ್ಲಿ ಹೈಕೋರ್ಟ್ ಅಂದರೆ ದೇಶದ ಅತ್ಯುನ್ನತ ನ್ಯಾಯಾಲಯ. 2010ರಲ್ಲಿ ಬಾರ್ಮಾ ರಾಷ್ಟ್ರೀಯ ಉದ್ಯಾನ ಆದಾಗ ಅದರ ಆಡಳಿತದಲ್ಲಿ ಅವರಿಗೂ ಪಾಲು ಸಿಕ್ಕಿತು, ನೂರಕ್ಕೂ ಹೆಚ್ಚು ವರ್ಷ ನಡೆದಿದ್ದ ಮರ ಕಡಿಯುವ ವ್ಯಾಪಾರವೂ ಆಗ ನಿಂತಿತು. ಪ್ರವಾಹದಿಂದಲೇ ಬದುಕುವ ಕಾಡಿನ ಜನಕ್ಕೆ ಪ್ರವಾಹ ನಿಮ್ಮನ್ನು ಅಳಿಸಿತು ಅಂದ ಆ ಮಾತು ನನ್ನ ಮನಸ್ಸಿಗೆ ಇವತ್ತಿಗೂ ಚುಚ್ಚುತ್ತೆ.

ಸಂಜೆ ಬೆಂಕಿ. ಮೊದಲೇ ಇದ್ದ ಒಲೆಯ ಗುಂಡಿಯಲ್ಲಿ, ಸುತ್ತ ಮೂರು ಮೀಟರ್ ಒಣ ಎಲೆ ಗುಡಿಸಿ, ಪಕ್ಕದಲ್ಲಿ ಬಕೆಟ್ ನೀರಿಟ್ಟು ಹಚ್ಚಿದೆವು. ಸುತ್ತ ಅಷ್ಟು ಕಟ್ಟಿಗೆ ಬಿದ್ದಿದ್ದರೂ ದುಡ್ಡು ಕೊಟ್ಟು ತಂದದ್ದನ್ನೇ ಯಾಕೆ ಉರಿಸುತ್ತಿ ಅಂತ ಅಮ್ಮ ಕೇಳಿದಳು. ಬಿದ್ದ ದಿಮ್ಮಿಗಳಲ್ಲಿ ಹಲ್ಲಿ, ಹಾವು, ಸಣ್ಣ ಪ್ರಾಣಿಗಳು ಚಳಿಗಾಲ ಕಳೆಯುತ್ತವೆ ಅಂದಾಗ ಸುಮ್ಮನಾದಳು.

ಮುದ್ದೆ ಮಾಡುವ ಕೋಲನ್ನು ಅವಳು ಊರಿಂದಲೇ ತಂದಿದ್ದಳು. ವಿಮಾನ ನಿಲ್ದಾಣದಲ್ಲಿ ಮರದ ಸಾಮಾನು ಅಂತ ಕಾರ್ಡಿನಲ್ಲಿ ಬರೆದು ತೋರಿಸಿದ್ದೆವು, ನೋಡಿ ಬಿಟ್ಟಿದ್ದರು. ಕವೆಗೋಲು ಇರಲಿಲ್ಲ. ಪಾತ್ರೆ ಅಲ್ಲಾಡದ ಹಾಗೆ ನಾನು ಎರಡು ಇಕ್ಕಳದಲ್ಲಿ ಹಿಡಿದೆ. ಎಸರು ಕುದಿಯಿತು, ಹಿಟ್ಟು ಸುರಿದಳು, ಬೇಯುವ ತನಕ ಯಾರೂ ಮುಟ್ಟುವ ಹಾಗಿಲ್ಲ. ಆಮೇಲೆ ತಿರುವಿದಳು ನೋಡಿ, ಅರವತ್ತೆಂಟರ ಕೈ ಅದು ಅಂತ ಯಾರೂ ಹೇಳಲಾರರು. "ಅತ್ತೆ, ಸಾಕು, ನಾನು ತಿರುವುತೀನಿ, ನೀವು ಕೂತ್ಕೊಳ್ಳಿ," ಅಂತ ಹೆಂಡತಿ ಎರಡು ಸಲ ಹೇಳಿದಳು. ಕೋಲು ಕೈಗೆ ಸಿಗಲಿಲ್ಲ. ಮನೆಯಿಂದ ತಂದಿದ್ದ ಹುರುಳಿಕಾಳು ಸಾರು ಬಿಸಿ ಮಾಡಿ, ಕುರ್ಚಿಗಳನ್ನು ಬೆಂಕಿಗೆ ಎಳೆದುಕೊಂಡು ಉಂಡೆವು. ಮುದ್ದೆ ಅಂದರೆ ಮುಖ ತಿರುಗಿಸುವ ಮಗ ಆ ಚಳಿಯಲ್ಲಿ ಒಂದೂವರೆ ನುಂಗಿದ.

ಊಟ ಆದ ಮೇಲೆ ದೀಪ ಆರಿಸಿ ಆಕಾಶ ನೋಡಿದೆವು. ಇಲ್ಲಿನ ಧ್ವಜದಲ್ಲಿರುವ ಸದರ್ನ್ ಕ್ರಾಸ್ ನೆತ್ತಿಯ ಹತ್ತಿರ ನಿಂತಿತ್ತು. ನಮ್ಮಲ್ಲಿ ಅದಕ್ಕೆ ತ್ರಿಶಂಕು ಅನ್ನುತ್ತಾರೆ ಅಂದೆ. ಅಮ್ಮ ಥಟ್ಟನೆ, "ತ್ರಿಶಂಕು ಅಷ್ಟು ಮೇಲಕ್ಕೆ ಹೇಗೆ ಹತ್ತಿತು?" ಅಂದಳು. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗಿದಾಗ, ದಕ್ಷಿಣಕ್ಕೆ, ಹುಣಸೆ ಮರದ ತುದಿಗೆ ತಾಗಿದ ಹಾಗೆ ಅವಳಪ್ಪ ತೋರಿಸುತ್ತಿದ್ದರಂತೆ. ತ್ರಿಶಂಕುವಿನ ಪಕ್ಕದಲ್ಲಿ ಒಂದು ಕಪ್ಪು ಮಚ್ಚೆ ಇದೆ. ಅದು ತಲೆ, ಅಲ್ಲಿಂದ ಆಕಾಶಗಂಗೆಯ ಉದ್ದಕ್ಕೆ ಚಾಚಿದ ಕತ್ತಲು ಕೊರಳು, ಮೈ. ಇಲ್ಲಿನ ಹಲವು ಮೂಲ ನಿವಾಸಿಗಳು ಅದನ್ನು ಆಕಾಶದ ಎಮು ಹಕ್ಕಿ ಅನ್ನುತ್ತಾರೆ. ನಾವು ನಕ್ಷತ್ರ ಸೇರಿಸಿ ಚಿತ್ರ ಮಾಡಿದೆವು, ಅವರು ಕತ್ತಲೆಯಲ್ಲೂ ಚಿತ್ರ ಕಂಡರು.

ಮಲಗುವ ಮೊದಲು ಕೆಂಡಕ್ಕೆ ನೀರು ಹೊಯ್ದು, ಕಲಕಿ, ಮತ್ತೆ ಹೊಯ್ದು, ಕೈಯಿಟ್ಟು ತಣ್ಣಗಾಗಿದೆ ಅಂತ ನೋಡಿದೆ. ಮಣ್ಣು ಮುಚ್ಚಿದರೆ ಒಳಗೆ ಕೆಂಡ ಹಾಗೇ ಇರುತ್ತೆ, ಬೆಳಿಗ್ಗೆ ಬರಿಗಾಲಲ್ಲಿ ಓಡುವ ಮಕ್ಕಳ ಕಾಲು ಸುಡುತ್ತೆ.

ಭಾನುವಾರ

ಕ್ಯಾರವಾನನ್ನು ಅಲ್ಲೇ ಬಿಟ್ಟು ಎಚುಕಾಗೆ ಹೋದೆವು. ಈ ಊರಿನ ಹಳೇ ಬಂದರುಕಟ್ಟೆ ಪೂರ್ತಿ ರೆಡ್ ಗಮ್ ದಿಮ್ಮಿಗಳದ್ದು. 1865ರಲ್ಲಿ ಕಟ್ಟಲು ಶುರು ಮಾಡಿದ್ದು. ನದಿಯ ಮಟ್ಟ ಏರಿಳಿಯುತ್ತಿದ್ದ ಕಾರಣ ಅಂತಸ್ತು ಅಂತಸ್ತಾಗಿ ಕಟ್ಟಿದ್ದಾರೆ. 1866ರ ಅಡಿಲೇಡ್ ಎಂಬ, ದೊಡ್ಡ ಚಕ್ರದಿಂದ ನೀರು ತಳ್ಳಿಕೊಂಡು ಓಡುವ ಹಡಗು ಇನ್ನೂ ಅಲ್ಲಿದೆ. ಸೌದೆ ಉರಿಸಿ ಓಡುವ ಹಡಗೊಂದರಲ್ಲಿ ಒಂದು ಗಂಟೆ ಹೋಗಿಬಂದೆವು. ಮಕ್ಕಳಿಗೆ ಖುಷಿ. ನನಗೆ ಹೆಚ್ಚು ಹಿಡಿಸಿದ್ದು ವಾಪಸ್ ಬರುವಾಗ ಕಂಡ ಒಂದು ದಿಬ್ಬ.

ದಿಬ್ಬ ಅಂತ ಹೇಳದೇ ಇದ್ದರೆ ಗೊತ್ತೇ ಆಗಲ್ಲ, ಅಷ್ಟು ತಗ್ಗು. ಡೆನಿಲಿಕ್ವಿನ್‌ನಿಂದ ಎಚುಕಾ ಕಡೆಗೆ ಉದ್ದಕ್ಕೆ ಹಬ್ಬಿದೆ. ಹತ್ತಾರು ಸಾವಿರ ವರ್ಷಗಳ ಹಿಂದೆ ಇಲ್ಲಿ ಭೂಮಿ ಬಿರುಕು ಬಿಟ್ಟು ಒಂದು ಬದಿ ಮೇಲೆದ್ದಿತು. ಕ್ಯಾಡೆಲ್ ಬಿರುಕು ಅನ್ನುತ್ತಾರೆ. ಪಶ್ಚಿಮಕ್ಕೆ ಹರಿಯುತ್ತಿದ್ದ ಮರ್ರೆಗೆ ಎದುರು ಒಡ್ಡು ಕಟ್ಟಿದ ಹಾಗಾಯಿತು. ನೀರು ಹಿಂದೆ ಹರಡಿ ನಿಂತಿತು, ನದಿ ಹೊಸ ದಾರಿ ಹುಡುಕಿತು. ಈಗ ದಕ್ಷಿಣಕ್ಕೆ ತಿರುಗುವ ಆ ಜಾಗ ಇಡೀ ನದಿಯಲ್ಲೇ ಇಕ್ಕಟ್ಟಾದದ್ದು, ಬಾರ್ಮಾ ಚೋಕ್ ಅಂತ ಹೆಸರು. ಅಲ್ಲಿ ಹಿಡಿಸದ ನೀರು ಉಕ್ಕಿ ಕಾಡಿಗೆ ನುಗ್ಗುತ್ತೆ. ಕಾಡು ಇರುವುದೇ ಅದರಿಂದ. ಆದರೆ 1936ರಲ್ಲಿ ಮೇಲೆ ಹ್ಯೂಮ್ ಅಣೆಕಟ್ಟು ಆದ ಮೇಲೆ ಲೆಕ್ಕ ಬದಲಾಯಿತು. ಚಳಿಗಾಲ, ವಸಂತದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಬೆಳೆಗೆ ಬಿಡುತ್ತಾರೆ. ಈಗ ಕಾಡಿಗೂ ನೀರು ಅಂತ ಪಾಲು ತೆಗೆದಿಟ್ಟು ಬಿಡುವ ಪರಿಪಾಠ ಇದೆ. ಕಾವೇರಿ ನೀರಿನ ಜಗಳ ಕೇಳಿ ಬೆಳೆದ ನನಗೆ, ಪಾಲು ಕೇಳುವವರ ಸಾಲಿನಲ್ಲಿ ಮರಕ್ಕೂ ಒಂದು ಜಾಗ ಇದೆ ಅನ್ನೋದು ದೊಡ್ಡ ಸಂಗತಿ.

ರಾತ್ರಿ ಒಂಬತ್ತಕ್ಕೆ ಕ್ಯಾರವಾನ್ ಮೇಲೆ ಮಳೆ ಹನಿ ಬಿದ್ದ ಸದ್ದು. ಮಕ್ಕಳಿಗೆ ಜೋಗುಳ. ನನಗೆ ನಿದ್ದೆ ಬರಲಿಲ್ಲ, ಇಲ್ಲಿನ ಜೇಡಿಮಣ್ಣು ನೆನೆದರೆ ಏನಾಗುತ್ತೆ ಅಂತ ಗೊತ್ತಿತ್ತು.

ಸೋಮವಾರ

ಮಳೆ ನಿಂತಿತ್ತು. ನೆಲ ಬೆಣ್ಣೆ. ಕಾರಿನ ಟಯರ್ ಗಾಳಿ 25ಕ್ಕೆ ಇಳಿಸಿ ಹೊರಟರೂ, ಹತ್ತು ಮಾರು ಹೋಗುವಷ್ಟರಲ್ಲಿ ಕ್ಯಾರವಾನ್ ಚಕ್ರ ಹೂತುಕೊಂಡಿತು. ಚಕ್ರದ ಮುಂದೆ ಸಿಗಿಸುವ ಹಲಗೆ ತೆಗೆದು ನಾನು ಸಲಿಕೆಯಿಂದ ಮಣ್ಣು ಬಿಡಿಸುತ್ತಿದ್ದೆ.

ಅಮ್ಮ ಸೀರೆ ಮೇಲೆ ಕಟ್ಟಿಕೊಂಡು ಇಳಿದು ಬಂದಳು. "ಗಾಡಿ ಹೂತುಕೊಂಡರೆ ಮೊದಲು ಹೊರೆ ಇಳಿಸಬೇಕು ಕಣೋ. ಎತ್ತಿಗೆ ಹೊಡೆದು ಏನು ಬಂತು? ಒಳಗೆ ನೀರಿದೆಯಾ?"

ಇತ್ತು. ಟ್ಯಾಂಕಿನಲ್ಲಿ ಇನ್ನೂ ಅರವತ್ತು ಲೀಟರ್, ಅಂದರೆ ಅರವತ್ತು ಕೆಜಿ. ನಲ್ಲಿ ತಿರುಗಿಸಿ, ಆ ಕುಡಿಯುವ ನೀರನ್ನು ದಾರಿಗೆ ಬೀಳದ ಹಾಗೆ ಬಕೆಟ್‌ಗಳಲ್ಲಿ ಹಿಡಿದು ಹತ್ತಿರದ ಎಳೇ ಮರಗಳ ಬುಡಕ್ಕೆ ಸುರಿದೆವು. ಕ್ಯಾನು, ಟಿನ್ನು, ಕುರ್ಚಿ ಎಲ್ಲ ಇಳಿಸಿದೆವು. ಎರಡನೇ ಸಲ ನಿಧಾನಕ್ಕೆ ಎಳೆದಾಗ ಹಲಗೆ ಹತ್ತಿ ಗಟ್ಟಿ ದಾರಿಗೆ ಬಂತು. ಇಳಿಸಿದ್ದನ್ನೆಲ್ಲ ಮತ್ತೆ ಹೊತ್ತು ತಂದು ತುಂಬಿದೆವು, ಮಗಳು ಅಜ್ಜಿಯ ಕೈ ಹಿಡಿದು ಕೆಸರು ದಾಟಿಸಿದಳು. ಟಾಯ್ಲೆಟ್ ಡಬ್ಬ ಖಾಲಿ ಮಾಡುವುದು, ಟಯರ್‌ಗೆ ಮತ್ತೆ ಗಾಳಿ, ಎಚುಕಾದಲ್ಲಿ ಊಟ. ಕತ್ತಲಾಗುವ ಮೊದಲು ಮನೆ.

ರಾತ್ರಿ ಅಮ್ಮ ಊರಿಗೆ, ಅವಳ ತಮ್ಮನಿಗೆ ಫೋನ್ ಮಾಡಿದಳು. ಮಾವನ ಹೊಲದಲ್ಲಿ ಇನ್ನೂ ಹಳೇ ತೋಪಿನ ಬುಡಗಳಿವೆ.

"ನೀಲಗಿರಿ ಕಾಡು ನೋಡಿ ಬಂದೆ ಕಣೋ. ಐದು ಜನ ತಬ್ಬಿದರೂ ಸಿಗದಷ್ಟು ದಪ್ಪ. ಒಂದೊಂದು ಮರದಲ್ಲಿ ಗಿಣಿಗಳ ಸಂಸಾರ. ಬುಡದಲ್ಲಿ ಸೊಂಟದ ಮಟ್ಟ ನೀರು ನಿಂತ ಗುರುತು."

ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಮಾವನ ದನಿ ನನಗೂ ಕೇಳಿಸಿತು. "ಹಾಗಾದರೆ ಅಲ್ಲಿ ಬೋರ್ ಹಾಕಿದರೆ ಎಷ್ಟು ಅಡಿಗೆ ನೀರಕ್ಕಾ?"

ಅಮ್ಮ ನನ್ನ ಮುಖ ನೋಡಿ ಫೋನನ್ನು ನನ್ನ ಕೈಗೆ ಕೊಟ್ಟಳು.